ಪಿಯಾನೊ ಸುಮ್ಮನಾದಾಗಿನ ಮುಖ

ಮೂವತ್ತೊಂದು ವರ್ಷ ನಾನು ಒಂದೇ ಸಂಗೀತದ ಹಾಲಿನಲ್ಲಿ ಫೋಟೊ ತೆಗೆದಿದ್ದೇನೆ. ಸಂಗೀತ ನನಗೆ ಬರುವುದಿಲ್ಲ. ಆದರೆ ಯಾರು ಏನು ನುಡಿಸಿದರೂ ಅದರಲ್ಲಿ ಎಲ್ಲಿ ಅಬ್ಬರ, ಎಲ್ಲಿ ಪಿಸುಮಾತು ಎಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಹಳೇ ಮನೆಯಲ್ಲಿ ಇರುವವರಿಗೆ ಎಷ್ಟನೇ ಮೆಟ್ಟಿಲು ಕಿರುಗುಟ್ಟುತ್ತದೆ ಅಂತ ಕಾಲಿಗೇ ಗೊತ್ತಿರುತ್ತದಲ್ಲ, ಹಾಗೆ. ಗೊತ್ತಿರದೆ ಗತಿಯಿರಲಿಲ್ಲ. ಆ ಹಾಲಿನಲ್ಲಿ ನನಗಿದ್ದ ಅಪ್ಪಣೆ ಒಂದೇ: ಸದ್ದು ಜೋರಾಗಿದ್ದಾಗ ಮಾತ್ರ ಬಟನ್ ಒತ್ತಬೇಕು.

ಕಾರಣ ನನ್ನ ಕ್ಯಾಮೆರಾದ ಹೊಟ್ಟೆಯೊಳಗಿನ ಕನ್ನಡಿ. ಲೆನ್ಸಿನಿಂದ ಬಂದ ಬೆಳಕು ಓರೆಯಾಗಿ ನಿಂತ ಆ ಕನ್ನಡಿಗೆ ಬಡಿದು, ಮೇಲಕ್ಕೆ ಹೋಗಿ, ನನ್ನ ಕಣ್ಣಿಗೆ ಬರುತ್ತದೆ. ಬಟನ್ ಒತ್ತಿದರೆ ಕನ್ನಡಿ ಮೇಲಕ್ಕೆ ಹಾರಿ ದಾರಿ ಬಿಡಬೇಕು, ಬೆಳಕು ಹಿಂದಕ್ಕೆ ಹೋಗಿ ಚಿತ್ರವಾಗಬೇಕು, ಕನ್ನಡಿ ಮತ್ತೆ ಕೆಳಗೆ ಬೀಳಬೇಕು. ಇಷ್ಟೂ ಕೆಲಸ ಕಣ್ಣು ಮಿಟುಕಿಸುವುದರೊಳಗೆ ಆಗುತ್ತದೆ. ಸುಮ್ಮನೆ ಆಗುವುದಿಲ್ಲ, ‘ಟಕ್’ ಎನ್ನುತ್ತದೆ. ಮದುವೆಮನೆಯಲ್ಲಿ ಆ ಸದ್ದು ಯಾರಿಗೂ ಕೇಳಿಸದು. ಆರುನೂರು ಜನ ಉಸಿರು ಬಿಗಿಹಿಡಿದು ಕೂತ ಹಾಲಿನಲ್ಲಿ ಅದು ಬಾಗಿಲು ಬಡಿದ ಹಾಗೆ. ಅದಕ್ಕೇ ಅಲ್ಲಿನವರು ನನಗಿಟ್ಟ ಹೆಸರು ಟಕ್ಕಮ್ಮ.

ಶುರುವಿನ ವರ್ಷಗಳಲ್ಲಿ ಒಮ್ಮೆ ತಪ್ಪಿದೆ. ಪಿಟೀಲು ಮೇಷ್ಟ್ರು ನುಡಿಸುತ್ತಿದ್ದರು. ಇನ್ನೇನು ಅಬ್ಬರ ಬಂತು ಅಂತ ಲೆಕ್ಕ ಹಾಕಿ ಒತ್ತಿಬಿಟ್ಟೆ. ಅವರು ಆ ದಿನ ಒಂದಿಷ್ಟು ನಿಧಾನಿಸಿದ್ದರು. ಅಬ್ಬರ ಬರಲಿಲ್ಲ, ನನ್ನ ಟಕ್ ಬಂತು. ಮೇಷ್ಟ್ರು ಕಮಾನು ಎತ್ತಿ ನಿಂತರು. ಆರುನೂರು ತಲೆ ನನ್ನತ್ತ ತಿರುಗಿದವು. ಅವರು ಮೊದಲಿನಿಂದ ಶುರು ಮಾಡಿದರು. ಮುಗಿದ ಮೇಲೆ ನಾನು ಕ್ಷಮೆ ಕೇಳಲು ಹೋದರೆ ನಗುತ್ತಾ, “ನೂಲಿನ ಮೇಲೆ ನಡೀತಿದ್ದೆ ಕಣಮ್ಮ, ಹರೀತು. ಇರಲಿ ಬಿಡು, ಮತ್ತೆ ಕಟ್ಟಿದೆನಲ್ಲ” ಅಂದರು. ಬೈದಿದ್ದರೆ ಮರೆತುಬಿಡುತ್ತಿದ್ದೆನೇನೋ. ಅವರ ಆ ನಗು ನನ್ನ ಬಲಗೈ ತೋರುಬೆರಳಿನಲ್ಲಿ ಹೋಗಿ ಕೂತಿತು. ಆಮೇಲೆ ಇವತ್ತಿನವರೆಗೂ ಆ ಬೆರಳು ಕಛೇರಿಯ ಮೌನದಲ್ಲಿ ಅಲುಗಿದ್ದಿಲ್ಲ.

ನಮ್ಮ ಮನೆಯವರು ಕ್ಯಾಮೆರಾ ರಿಪೇರಿ ಮಾಡುತ್ತಾರೆ. ಅಂಗಡಿಯ ಮುಂಭಾಗದಲ್ಲಿ ಅವರ ಗಾಜಿನ ಕೌಂಟರು, ಸ್ಕ್ರೂ ಡ್ರೈವರುಗಳು, ಬಿಚ್ಚಿದ ಲೆನ್ಸುಗಳು. ಹಿಂಭಾಗದಲ್ಲಿ ನನ್ನ ಕೋಣೆ, ಫೋಟೊ ಪೆಟ್ಟಿಗೆಗಳು. ಆ ಅವಮಾನ ಆದ ವಾರವೇ ಅವರು ಹಳೇ ರಜಾಯಿ ಕತ್ತರಿಸಿ ಕ್ಯಾಮೆರಾಕ್ಕೆ ಒಂದು ಚೀಲ ಹೊಲಿದುಕೊಟ್ಟಿದ್ದರು, ಕೈ ತೂರಿಸಲು ಎರಡು ತೋಳೂ ಇಟ್ಟು. ಸದ್ದು ಅರ್ಧ ಕಡಿಮೆಯಾಯಿತು, ಗೇಲಿ ಎರಡರಷ್ಟಾಯಿತು. “ಏನು ಟಕ್ಕಮ್ಮಾ, ಮಗೂಗೆ ನೆಗಡೀನಾ?” ಅಂತ ಹಾಲಿನ ಬಾಗಿಲು ಕಾಯುವ ಶ್ಶ್ ಮಾಮ ಸಿಕ್ಕಾಗಲೆಲ್ಲ ಕೇಳುತ್ತಿದ್ದ. ತುಟಿಯ ಮೇಲೆ ಬೆರಳಿಟ್ಟು ಜನರನ್ನು ಸುಮ್ಮನಾಗಿಸುವುದೇ ಅವನ ಜೀವಮಾನದ ಕೆಲಸ. ಅವನ ಹೆಂಡತಿ ಮನೆಯಲ್ಲಿ ಅದನ್ನೇ ಅವನಿಗೆ ಮಾಡುತ್ತಾಳಂತೆ.

ಹೀಗೆ ನಡೆದುಕೊಂಡು ಬಂತು. ಮೇಷ್ಟ್ರಿಗೆ ಭುಜ ನೋವು ಹಿಡಿದುಕೊಂಡು, ಇದೇ ಭಾನುವಾರದ್ದು ಕೊನೆಯ ಕಛೇರಿ ಎಂದು ಸುದ್ದಿ ಬರುವ ತನಕ.

ಆ ವಾರದ ಸೋಮವಾರ ಬೆಳಿಗ್ಗೆ ಪಿಯಾನೊ ಅಮ್ಮ ಅಂಗಡಿಗೆ ಬಂದರು. ಮೇಷ್ಟ್ರ ಹೆಂಡತಿ. ನಲವತ್ತು ವರ್ಷದಿಂದ ಅವರ ಹಿಂದೆ ಕೂತು ಪಿಯಾನೊ ನುಡಿಸುವವರು. ಗಟ್ಟಿ ಹೆಂಗಸು, ಮಾತು ಕಡಿಮೆ, ಆಡಿದರೆ ನೆಟ್ಟಗೆ.

“ಇವರ ಫೋಟೊ ಎಷ್ಟಿವೆಯೋ ಅಷ್ಟೂ ತೆಗಿ” ಅಂದರು.

ಆರು ಪೆಟ್ಟಿಗೆ ತಂದು ಮುಂದಿಟ್ಟೆ. ಕನ್ನಡಕ ಹಾಕಿಕೊಂಡು ಒಂದೊಂದೇ ನೋಡಿದರು. ಎರಡು ಗಂಟೆ ಹಿಡಿಯಿತು. ಕಾಫಿ ಆರಿ ಕೆನೆಗಟ್ಟಿತು. ಕೊನೆಗೆ ಕನ್ನಡಕ ತೆಗೆದು, “ಇದೇನೇ ಇದು, ಎಲ್ಲಾದರಲ್ಲೂ ಯಾರ ಜೊತೇಲೋ ಜಗಳಕ್ಕೆ ಬಿದ್ದಿದ್ದಾರೆ!” ಅಂದರು.

ನಿಜ. ಹಲ್ಲು ಕಚ್ಚಿದ ಮೇಷ್ಟ್ರು, ಕೂದಲು ಹಾರಿಸಿದ ಮೇಷ್ಟ್ರು, ಕತ್ತಿ ಬೀಸುವವರ ಹಾಗೆ ಕಮಾನು ಬೀಸಿದ ಮೇಷ್ಟ್ರು. ಅಬ್ಬರ ಇದ್ದಾಗ ಮಾತ್ರ ಒತ್ತಿದರೆ ಸಿಗುವುದು ಅಬ್ಬರವೇ.

“ಇನ್ನೊಬ್ಬರೆಲ್ಲಿ?” ಅಂದರು.

“ಯಾರಮ್ಮ?”

“ಪ್ರತಿ ಕಛೇರೀಲೂ ನಡುವೆ ಒಂದು ಕಡೆ ನಾನು ನಿಲ್ಲಿಸ್ತೀನಲ್ಲ. ಕೈ ತೊಡೆ ಮೇಲಿಟ್ಟುಕೊಂಡು ಕೂತಿರ್ತೀನಿ, ಇವರೊಬ್ಬರೇ ನುಡಿಸ್ತಾರೆ, ಸಣ್ಣಗೆ. ಕಛೇರಿ ಮುಗಿದ ಮೇಲೆ ಜನ ಬಂದು ನನ್ನ ಕೈ ಹಿಡ್ಕೊಂಡು, ‘ಅಲ್ಲಿ ಅವರ ಮುಖ ನೋಡಿ ಕಣ್ಣಲ್ಲಿ ನೀರು ಬಂತಮ್ಮ’ ಅಂತಾರೆ. ನಲವತ್ತು ವರ್ಷದಿಂದ ಅಂತಾರೆ. ಯಾವ ಮುಖ? ನನಗೆ ಕಾಣೋದು ಕೋಟಿನ ಬೆನ್ನು. ಎಡಗಡೆ ಹೊಲಿಗೆ ಬಿಟ್ಟಿದೆ ಅಂತ ಹೇಳ್ತೀನಿ, ಆ ಮುಖ ಹೇಗಿದೆ ಅಂತ ನನಗೆ ಗೊತ್ತಿಲ್ಲ.”

“ಮನೇಲಿ ನುಡಿಸುವಾಗ ನೋಡಬಹುದಲ್ಲ?”

“ಮನೇಲಿ ಮೈ ಕೆರ್ಕೊಳ್ತಾ ನುಡಿಸ್ತಾರೆ. ಜನರ ಮುಂದೆ ಬರೋದು ಅದು.” ಫೋಟೊಗಳನ್ನು ತಾವೇ ಜೋಡಿಸಿ ಪೆಟ್ಟಿಗೆಗೆ ಹಾಕಿದರು. “ಭಾನುವಾರ ಆದಮೇಲೆ ಅದು ಇನ್ನು ಇರಲ್ಲ ಕಣಮ್ಮ. ಒಂದೇ ಒಂದು. ಆಗುತ್ತಾ?”

ಆಗುವುದಿಲ್ಲ ಅಂದೆ. ಆ ಜಾಗ ಬಂದರೆ ಹಾಲಿನಲ್ಲಿ ಕೆಮ್ಮು ಬಂದವರೂ ನುಂಗಿಕೊಳ್ಳುತ್ತಾರೆ. ರಜಾಯಿಯಲ್ಲ, ಹಾಸಿಗೆ ಸುತ್ತಿದರೂ ಟಕ್ ಕೇಳುತ್ತದೆ. ಕೊನೆಯ ಕಛೇರಿಯ ನೂಲನ್ನು ಹರಿಯುವವಳು ನಾನಾಗಲಾರೆ. ಅವರು ತಲೆಯಾಡಿಸಿ ಎದ್ದರು. ಬೇಸರ ತೋರಿಸಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು.

ಅವರು ರಸ್ತೆ ದಾಟಿದ್ದರೋ ಇಲ್ಲವೋ, ಅಂಗಡಿಯ ಮುಂಭಾಗದಿಂದ ನಮ್ಮ ಮನೆಯವರು ಕೂಗಿದರು. “ಲೇ, ಬಾ ಇಲ್ಲಿ. ಬೇಗ.”

ಕೌಂಟರಿನ ಮೇಲೆ ಒಂದು ಪುಟ್ಟ ಕ್ಯಾಮೆರಾ. ವಿತರಕ ಹತ್ತು ದಿನ ಬಳಸಿ ನೋಡಿ ಅಂತ ಬಿಟ್ಟುಹೋಗಿದ್ದನಂತೆ. ಇನ್ನು ಮುಂದೆ ಬರುವುದೆಲ್ಲ ಇಂಥದೇ, ರಿಪೇರಿ ಕಲಿತುಕೊಳ್ಳಿ ಅಂತ. ಇವರು ಲೆನ್ಸು ಬಿಚ್ಚಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಒಳಗೆ ನೋಡುತ್ತಾ ಕಲ್ಲಾಗಿ ಕೂತಿದ್ದರು.

“ಏನ್ರೀ?”

“ಏನೂ ಇಲ್ಲ ಕಣೇ.”

“ಮತ್ತೆ ಯಾಕೆ ಕರೆದ್ರಿ?”

“ಅದೇ, ಒಳಗೆ ಏನೂ ಇಲ್ಲ! ಕನ್ನಡಿ ಇಲ್ಲ, ಸ್ಪ್ರಿಂಗಿಲ್ಲ, ಮೇಲೆ ಬೆಳಕನ್ನ ಕಣ್ಣಿಗೆ ತಿರುಗಿಸೋ ಗಾಜಿನ ಗಟ್ಟಿ ಇಲ್ಲ. ಮೂವತ್ತು ವರ್ಷ ನಾನು ಒರೆಸಿದ್ದು, ಕೂರಿಸಿದ್ದು, ಎಣ್ಣೆ ಬಿಟ್ಟಿದ್ದು ಯಾವುದೂ ಇಲ್ಲ. ಬಾಗಿಲು ತೆಗೆದರೆ ನೇರ ದೇವರೇ ಕೂತಿದ್ದಾನೆ ನೋಡು.”

ನೋಡಿದೆ. ಲೆನ್ಸು ಕೂರುವ ಉಂಗುರದ ಹಿಂದೆಯೇ, ಬೆರಳು ತಾಗುವಷ್ಟು ಹತ್ತಿರದಲ್ಲಿ, ಬೆಳಕು ಹಿಡಿಯುವ ಸೆನ್ಸರು. ಅಂಚೆಚೀಟಿಗಿಂತ ಚೂರು ದೊಡ್ಡದು. ಕೊಳದ ನೀರಿನ ಮೇಲೆ ಎಣ್ಣೆ ಹರಡಿದ ಹಾಗೆ ಹಸಿರು, ನೇರಳೆ ಹೊಳಪು. ಹಳೆಯ ಕ್ಯಾಮೆರಾಗಳಲ್ಲಿ ಅದು ಕನ್ನಡಿಯ ಹಿಂದೆ, ತೆರೆದು ಮುಚ್ಚುವ ಪರದೆಯ ಹಿಂದೆ ಇರುತ್ತಿತ್ತು. ಇಷ್ಟು ವರ್ಷ ಅದರಿಂದ ಅನ್ನ ತಿಂದವಳು, ಅದರ ಮುಖವನ್ನು ಹೀಗೆ ಎದುರಾಬದುರು ನೋಡಿದ್ದು ಅವತ್ತೇ.

ಅವರು ಒಂದು ಬಳೆಯಂಥ ಉಂಗುರ ಹಾಕಿ ನನ್ನ ಹಳೆಯ ಲೆನ್ಸನ್ನೇ ಅದಕ್ಕೆ ಕೂರಿಸಿದರು. “ಕನ್ನಡಿ ಹೋದ ಜಾಗ ಖಾಲಿ ಉಳೀತಲ್ಲ, ಅಲ್ಲಿ ಬಳೆ ಕೂರುತ್ತೆ. ಹೊಸ ಸೊಸೆ ಬಂದಳು ಅಂತ ಹಳಬರನ್ನ ಮನೆಯಿಂದ ಓಡಿಸಿಲ್ಲ, ಪುಣ್ಯಕ್ಕೆ.”

ಕಣ್ಣಿಗಿಟ್ಟುಕೊಂಡೆ. ಒಳಗೆ ಕಂಡದ್ದು ಅಂಗಡಿಯಲ್ಲ, ಅಂಗಡಿಯ ಫೋಟೊ. ತೆಗೆಯುವ ಮೊದಲೇ! ಬೆಳಕು ಹೆಚ್ಚು ಮಾಡಿದರೆ ಅಲ್ಲೇ ಹೆಚ್ಚಾಯಿತು, ಕಡಿಮೆ ಮಾಡಿದರೆ ಅಲ್ಲೇ ಕಡಿಮೆಯಾಯಿತು. ನಮ್ಮವರ ಮುಖದ ಕಡೆ ತಿರುಗಿಸಿದೆ. ಫೋಕಸ್ ಹಿಡಿಯುವ ಒಂದು ಪುಟ್ಟ ಹಸಿರು ಚೌಕ ಹೋಗಿ ಅವರ ಕಣ್ಣಿನ ಮೇಲೆ ಕೂತಿತು. ಅವರು ತಲೆ ಆಡಿಸಿದರೆ ಅದೂ ಆಡಿತು. ಅಂಗಡಿಯ ತುಂಬ ಓಡಾಡಿದರು. ನೊಣದ ಹಾಗೆ ಅದು ಅವರ ಕಣ್ಣನ್ನು ಬಿಟ್ಟು ಕದಲಲಿಲ್ಲ.

“ಒತ್ತು” ಅಂದರು.

ಒತ್ತಿದೆ.

“ಒತ್ತೇ.”

“ಒತ್ತಿದೆನಲ್ರೀ.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಸದ್ದೇ ಇಲ್ಲ. ಹಿಂದಿನ ಪರದೆಯಲ್ಲಿ ಇವರು ಬಾಯಿ ತೆರೆದು ನಿಂತಿದ್ದರು. ಅದಕ್ಕಿಂತ ದೊಡ್ಡದು ನನಗೆ ಇನ್ನೊಂದು ಅರ್ಥವಾಗಿತ್ತು. ಕೂತುಬಿಟ್ಟೆ. ಹಳೆಯ ಕ್ಯಾಮೆರಾದಲ್ಲಿ ಕನ್ನಡಿ ಹಾರಿದಾಗ ಕಣ್ಣಿಗೆ ಕತ್ತಲು. ಚಿತ್ರವಾಗುವ ಆ ಚೂರು ಹೊತ್ತು ನಾನು ಕುರುಡಿ. ಅಂದರೆ ಇಷ್ಟು ವರ್ಷ ಲಕ್ಷಗಟ್ಟಲೆ ಒತ್ತಿದೆನಲ್ಲ, ತೆಗೆದ ಒಂದು ಗಳಿಗೆಯನ್ನೂ ನಾನು ನೋಡಿರಲಿಲ್ಲ. ಅದರ ಹಿಂದಿನದನ್ನು ನೋಡಿದ್ದೆ, ಮುಂದಿನದನ್ನು ನೋಡಿದ್ದೆ. ತೆಗೆದದ್ದನ್ನು ಮಾತ್ರ ಇಲ್ಲ. ಈಗ ಕತ್ತಲಾಗಲಿಲ್ಲ.

ಮಧ್ಯಾಹ್ನವೇ ಹಾಲಿಗೆ ಓಡಿದೆ. ಶ್ಶ್ ಮಾಮನ ಕಿವಿಗೆ ಕ್ಯಾಮೆರಾ ಹಿಡಿದೆ. ಅವನು ಕಣ್ಣು ಮುಚ್ಚಿ, ಹಸುಗೂಸಿನ ಎದೆಬಡಿತ ಕೇಳುವವನ ಹಾಗೆ ನಿಂತ.

“ಹೂಂ, ಒತ್ತಮ್ಮ.”

“ಹತ್ತು ಸಲ ಒತ್ತಿಯಾಯ್ತು ಮಾಮ.”

ಕಣ್ಣು ಬಿಟ್ಟ. ಕ್ಯಾಮೆರಾ ನೋಡಿದ, ನನ್ನನ್ನು ನೋಡಿದ. ಜೀವಮಾನದಲ್ಲಿ ಮೊದಲ ಸಲ ಅವನಿಗೆ ಯಾರನ್ನೂ ಸುಮ್ಮನಿರಿಸುವ ಕೆಲಸ ಉಳಿದಿರಲಿಲ್ಲ. “ಹಾಗಾದ್ರೆ ನಿನಗೆ ಹೆಸರು ಬೇರೆ ಹುಡುಕಬೇಕಲ್ಲೇ” ಅಂದ.

ಶುಕ್ರವಾರ ತಾಲೀಮು. ಮೇಷ್ಟ್ರು ಅಬ್ಬರದ ತುಣುಕುಗಳನ್ನು ಮಾತ್ರ ನುಡಿಸಿ ಭುಜ ಹಿಡಿದುಕೊಂಡು ಹೊರಟುಹೋದರು. ಆ ಸಣ್ಣದನ್ನು ಭಾನುವಾರಕ್ಕೆ ಉಳಿಸಿಕೊಂಡರು. ನಾನು ತೆಗೆದಷ್ಟನ್ನು ತಂದು ಕಂಪ್ಯೂಟರಿನಲ್ಲಿ ನೋಡಿದರೆ ಜೀವ ಬಾಯಿಗೆ ಬಂತು. ಮೇಷ್ಟ್ರ ಮುಖದ ಮೇಲೆ ಅಡ್ಡಡ್ಡ ಕಪ್ಪು ಪಟ್ಟೆ. ಕಿಟಕಿಯ ಪಟ್ಟಿಪರದೆಯ ಹಿಂದೆ ನಿಂತ ಹಾಗೆ.

ನಮ್ಮವರು ಬಹಳ ಹೊತ್ತು ನೋಡಿ, “ಇದು ಕ್ಯಾಮೆರಾದ್ದಲ್ಲ, ವೇದಿಕೆ ಮೇಲಿನ ಹೊಸ ದೀಪಗಳದ್ದು” ಅಂದರು. “ಅವು ನಮ್ಮ ಕಣ್ಣಿಗೆ ತಿಳಿಯದ ಹಾಗೆ ಮಿಣುಕ್ತಾ ಇರ್ತವೆ. ಸದ್ದಿಲ್ಲದೆ ತೆಗೆಯುವಾಗ ಇದು ಚಿತ್ರಾನ ಒಂದೇ ಏಟಿಗೆ ನುಂಗಲ್ಲ, ಮೇಲಿಂದ ಕೆಳಗೆ ಸಾಲು ಸಾಲಾಗಿ ಓದುತ್ತೆ. ದೀಪ ಮಂಕಾದಾಗ ಓದಿದ ಸಾಲು ಕಪ್ಪು. ನಿಧಾನ ಮಾಡು. ಸೆಕೆಂಡಿನ ಐವತ್ತರಲ್ಲಿ ಒಂದು ಪಾಲು. ಅದಕ್ಕಿಂತ ಅವಸರ ಬೇಡ.”

“ಕೈ, ಕಮಾನು ಎಲ್ಲಾ ಮಸುಕಾಗುತ್ತಲ್ರೀ.”

“ಆಗಲಿ ಬಿಡು. ಆಯಮ್ಮ ಕೇಳಿದ್ದು ಮುಖ ತಾನೇ? ಮುಖ ಅಲ್ಲಾಡದ ಗಳಿಗೆ ಕಾಯಿ. ಮೂವತ್ತು ವರ್ಷ ಅಬ್ಬರ ಕಾದಿದ್ದೀಯ, ಒಂದು ದಿನ ಅಲ್ಲಾಡದ್ದನ್ನ ಕಾಯಿ.”

ಭಾನುವಾರ ಸಂಜೆ ನಾಲ್ಕಕ್ಕೆ ಕಛೇರಿ. ಗೋಡೆಗೊರಗಿ ನಿಂತವರೇ ನೂರು ಜನ. ನಾನು ಮೂರನೇ ಸಾಲಿನ ತುದಿಯ ಕುರ್ಚಿಯಲ್ಲಿ, ಒಂಟಿಕಾಲಿನ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ನಿಲ್ಲಿಸಿಕೊಂಡು ಕೂತೆ. ರಜಾಯಿ ಚೀಲ ಮನೆಯಲ್ಲಿ. ಅದಿಲ್ಲದೆ ತೊಡೆಯ ಮೇಲೆ ಬೆಕ್ಕು ಇಲ್ಲದ ಹಾಗೆ ಅನ್ನಿಸಿತು. ಪಿಯಾನೊ ಅಮ್ಮನಿಗೆ ನಾನು ಏನೂ ಹೇಳಿರಲಿಲ್ಲ. ಆಸೆ ಹುಟ್ಟಿಸಿ ಆಮೇಲೆ ಕೈ ಎತ್ತುವುದು ನನ್ನ ಜಾಯಮಾನವಲ್ಲ.

ಅಬ್ಬರದ ಕಡೆಗಳಲ್ಲಿ ಒತ್ತಿದೆ, ಒತ್ತಿದೆ. ಸದ್ದಿಲ್ಲದ್ದರಿಂದ ಬರೀ ಬೆರಳಾಡಿಸಿದ ಹಾಗಾಯಿತು. ತೆಗೆದದ್ದಕ್ಕೆ ನಂಬಿಕೆಯೇ ಬರಲೊಲ್ಲದು. ಎರಡು ಸಲ ಹಿಂದೆ ನೋಡಿಕೊಂಡೆ. ಇದ್ದವು.

ಆಮೇಲೆ ಆ ಜಾಗ ಬಂತು. ಪಿಯಾನೊ ನಾಲ್ಕು ಹೆಜ್ಜೆ ಕೆಳಗಿಳಿದು ನಿಂತಿತು. ಅಮ್ಮನ ಎರಡೂ ಕೈ ತೊಡೆಗೆ ಬಂದವು. ಪಿಟೀಲು ಒಂದೇ ಉಳಿಯಿತು, ಕೂದಲೆಳೆಯಷ್ಟು.

ನನಗೆ ಅದರ ಉದ್ದ ಗೊತ್ತು. ನನ್ನ ಉಸಿರಿನ ಲೆಕ್ಕದಲ್ಲಿ ಮೂವತ್ತಾರು. ಹಸಿರು ಚೌಕ ಮೇಷ್ಟ್ರ ಕಣ್ಣಿನ ಮೇಲೆ ಕೂತಿತ್ತು. ಬೆಳಕು ಸರಿಯಿತ್ತು. ಮುಖ ನಿಶ್ಚಲವಾಗಿತ್ತು. ಒತ್ತಬೇಕು ಅಂದುಕೊಂಡೆ.

ಬೆರಳು ಅಲುಗಲಿಲ್ಲ.

ಹೆದರಿಕೆಯಲ್ಲ. ಕ್ಯಾಮೆರಾ ಸದ್ದು ಮಾಡುವುದಿಲ್ಲ ಎಂದು ನನಗೆ ಗೊತ್ತು, ಶ್ಶ್ ಮಾಮನಿಗೆ ಗೊತ್ತು. ಬೆರಳಿಗೆ ಗೊತ್ತಿಲ್ಲ. ಕ್ಯಾಮೆರಾ ಬದಲಾಯಿಸಿದ್ದೆ, ಬೆರಳನ್ನು ಬದಲಾಯಿಸಿರಲಿಲ್ಲ. ಒತ್ತು ಅಂದೆ. ಬಟನ್ ಮೇಲೆ ಅದು ಕಲ್ಲಾಗಿ ಕೂತಿತ್ತು. ಹತ್ತು ಉಸಿರು ಹೋದವು. ಇಪ್ಪತ್ತು ಹೋದವು. ಬೆವರು ಕಣ್ಣಿಗಿಳಿಯಿತು. ಈ ಹೊತ್ತು ಮುಗಿದರೆ ಆ ಹೆಂಗಸು ಬದುಕಿಡೀ ಕೋಟಿನ ಬೆನ್ನನ್ನೇ ನೆನೆಸಿಕೊಂಡು ಇರಬೇಕು. ಅದಕ್ಕೆ ಕಾರಣ ನನ್ನ ಮೈಯ ಒಂದು ಬೆರಳು. ಮೂವತ್ತಾಯಿತು. ಮೂವತ್ತೈದು.

ಮಸುಕಿನಲ್ಲಿ, ಮೇಷ್ಟ್ರ ಕಿವಿಯ ಆಚೆ, ಅಮ್ಮನ ಭುಜ ಮೇಲೇರುವುದು ಕಂಡಿತು. ನುಡಿಸುವ ಮೊದಲು ಅವರು ಉಸಿರೆಳೆದುಕೊಳ್ಳುತ್ತಾರೆ. ಮುಗಿಯಿತು, ಇನ್ನಿಲ್ಲ ಅನ್ನಿಸಿತು. ಲೆನ್ಸು ಹಿಡಿದಿದ್ದ ಎಡಗೈ ಅದನ್ನು ಬಿಟ್ಟು ಬಂದು, ಬಲಗೈ ಬೆರಳಿನ ಮೇಲೆ ಕೂತು, ಒತ್ತಿಬಿಟ್ಟಿತು. ಎಡಗೈಗೆ ಆ ಹಳೆಯ ಅವಮಾನ ಗೊತ್ತಿರಲಿಲ್ಲ ನೋಡಿ.

ಕತ್ತಲಾಗಲಿಲ್ಲ. ಕಛೇರಿಯ ಮೌನದಲ್ಲಿ ಮೊದಲ ಸಲ, ತೆಗೆಯುತ್ತಿರುವುದನ್ನು ತೆಗೆಯುತ್ತಿರುವಾಗಲೇ ನೋಡಿದೆ. ನೋಡಿದ್ದನ್ನು ಹೇಳುವುದು ಕಷ್ಟ. ಜನ ಹೇಳುತ್ತಿದ್ದರು, ದೇವರನ್ನು ಕಂಡವರ ಹಾಗೆ ಇರುತ್ತಾರೆ ಅಂತ. ನಾನೂ ಮೇಷ್ಟ್ರು ಎಲ್ಲೋ ದೂರ ನೋಡುತ್ತಾರೆ ಅಂದುಕೊಂಡಿದ್ದೆ. ಅವರು ನೋಡುತ್ತಿರಲಿಲ್ಲ. ಕಣ್ಣು ತೆರೆದಿತ್ತು, ಅಷ್ಟೇ. ಅವರು ಕೇಳುತ್ತಿದ್ದರು. ತಾವು ನುಡಿಸುತ್ತಿದ್ದುದನ್ನಲ್ಲ. ತಲೆ ಒಂದು ನೂಲಿನಷ್ಟು ಹಿಂದಕ್ಕೆ ವಾಲಿತ್ತು, ಕಿವಿ ಹಿಂದಕ್ಕಿತ್ತು. ಹೊರಗೆ ಹೋದವರು ಮನೆಗೆ ಬಂದ ಹೆಜ್ಜೆ ಸದ್ದು ಕೇಳಿದಾಗ ಕಾದು ಕೂತವರ ಮುಖದಲ್ಲಿ ಒಂದು ಬೆಳಕು ಬರುತ್ತದಲ್ಲ, ಆರುನೂರು ಜನರ ಮುಂದೆ ಆ ಬೆಳಕು ಬಂತು.

ಪಿಯಾನೊ ಶುರುವಾಯಿತು. ನನ್ನ ಎಡಗೈ ಇನ್ನೂ ಬಲಗೈಯ ಮೇಲೇ ಇತ್ತು.

ಮಂಗಳವಾರ ಪಿಯಾನೊ ಅಮ್ಮನನ್ನು ಅಂಗಡಿಗೆ ಕರೆದೆ. ಚಿತ್ರವನ್ನು ದೊಡ್ಡದಾಗಿ ಅಚ್ಚು ಹಾಕಿ ಗಾಜಿನ ಕೌಂಟರಿನ ಮೇಲೆ ಮಗುಚಿ ಇಟ್ಟಿದ್ದೆ. ನಮ್ಮವರು ಪಕ್ಕದಲ್ಲಿ ಯಾವುದೋ ಕನ್ನಡಿ ಒರೆಸುತ್ತಿದ್ದರು. ಹಳೇ ಗಿರಾಕಿಗಳು ಇನ್ನೂ ಇದ್ದಾರೆ.

“ಮೊದಲೇ ಹೇಳ್ತೀನಮ್ಮ, ಚಿತ್ರ ಓರೆಯಾಗಿದೆ” ಅಂದೆ. “ಕೈ ಬಿಟ್ಟೆ, ಕ್ಯಾಮೆರಾ ವಾಲಿತು. ಕಮಾನು ಮಸುಕು. ಬೇಡದ್ದೂ ಒಳಗೆ ಬಂದುಬಿಟ್ಟಿದೆ.”

“ತಿರುಗಿಸೇ, ಪೀಠಿಕೆ ಸಾಕು.”

ತಿರುಗಿಸಿದೆ.

ಅವರು ಸ್ಟೂಲೆಳೆದು ಕೂತು, ಕನ್ನಡಕ ಹಾಕಿಕೊಂಡರು. ಚಿತ್ರದ ಮೇಲೆ ಬಾಗಿದರು. ಒಳಗೆ ಬಂದ ಬೇಡದ್ದು ಅಂದರೆ ಅವರೇ. ಕ್ಯಾಮೆರಾ ವಾಲಿದ್ದರಿಂದ, ಮೇಷ್ಟ್ರ ಕಿವಿಯ ಹಿಂದೆ, ಪಿಯಾನೊದ ಕಪ್ಪು ಅಂಚಿನ ಮೇಲೆ, ಅವರ ಮುಖ ಸಿಕ್ಕಿತ್ತು. ಮಸುಕು, ಆದರೆ ಗುರುತು ಸಿಗುವಷ್ಟು. ಬಾಯಿ ಚೂರು ತೆರೆದಿತ್ತು.

“ಇದು ನಾನು ಉಸಿರು ತಗೊಳ್ತಿರೋದು” ಅಂದರು.

“ಹೌದಮ್ಮ.”

“ನಾನು ಇವರ ಬೆನ್ನು ನೋಡ್ಕೊಂಡು ಶುರು ಮಾಡ್ತೀನಿ. ಬೆನ್ನು ಹೇಳುತ್ತೆ, ಈಗ ಬಾ ಅಂತ. ನಲವತ್ತು ವರ್ಷ ಹಾಗೇ ಅಂದ್ಕೊಂಡಿದ್ದೆ.” ಬೆರಳಿನಿಂದ ಮೇಷ್ಟ್ರ ವಾಲಿದ ತಲೆ ಮುಟ್ಟಿದರು. “ಇವರು ನನ್ನ ಉಸಿರು ಕಾಯ್ತಾ ಇದ್ರಾ?”

ನಮ್ಮವರ ಕೈಯಲ್ಲಿನ ಬಟ್ಟೆ ಕನ್ನಡಿಯ ಮೇಲೆ ನಿಂತಿತ್ತು.

ಅಮ್ಮ ಚಿತ್ರದಿಂದ ಕಣ್ಣು ತೆಗೆಯದೆ ಎರಡೂ ಕೈ ತೊಡೆಯ ಮೇಲೆ ಇಟ್ಟುಕೊಂಡರು. ತುಟಿ ಅಲುಗುತ್ತಿತ್ತು, ಎಣಿಸುತ್ತಿದ್ದರು. ಅವರು ಏನು ಕೇಳಿಸಿಕೊಳ್ಳುತ್ತಿದ್ದಾರೆಂದು ನನಗೂ ಗೊತ್ತಿತ್ತು. ನನ್ನ ಉಸಿರೂ ಲೆಕ್ಕ ಹಿಡಿಯಿತು. ರಸ್ತೆಯಲ್ಲಿ ಬಸ್ಸೊಂದು ಹೋಯಿತು. ಯಾರೋ ಬಾಗಿಲಲ್ಲಿ ಇಣುಕಿ, ನಮ್ಮ ಮೂವರನ್ನು ನೋಡಿ, ಒಳಗೆ ಬರದೆ ನಿಂತರು. ಮೂವತ್ತೈದು. ಅಮ್ಮನ ಭುಜ ಮೇಲೇರಿತು, ಉಸಿರು ಒಳಗೆ ಹೋಯಿತು. ಅದು ಸಣ್ಣದಾಗಿ ಕೇಳಿಸಿತು, ನನಗೂ.

ಆಮೇಲೆ ಅವರ ಹತ್ತೂ ಬೆರಳು ಗಾಜಿನ ಕೌಂಟರಿನ ಮೇಲೆ ಇಳಿದವು, ಸದ್ದಿಲ್ಲದೆ.